ಹಸಿರು ದೀಪ ಹತ್ತುವ ತನಕ

"ಎಷ್ಟು ಸಲ ಒತ್ತಿದೆ?"

"ಗೊತ್ತಿಲ್ಲ ಅಕ್ಕ."

"ಎರಡು ಸಲ? ಹತ್ತು ಸಲ?"

"ಎಣಿಸ್ಕೊಂಡು ಯಾರು ಒತ್ತುತಾರೆ? ಲಿಫ್ಟ್ ಬರಲಿಲ್ಲ ಅಂದ್ರೆ ನೀನು ಎಣಿಸ್ತೀಯಾ? ಹಸಿರು ದೀಪ ಹತ್ತೋ ತನಕ ಒತ್ತಿದೆ. ಇಲ್ಲಿ ಎಲ್ಲರೂ ಹಾಗೇ ಒತ್ತೋದು."

ತಂಗಿ ತಾನು ಕೆಲಸ ಮಾಡುವ ಸಿನಿಮಾ ಭಂಡಾರದ ನೆಲಮಾಳಿಗೆಯ ಓಣಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಕೂರುತ್ತಿದ್ದಳಲ್ಲ, ಹಾಗೆ. ಅವಳ ಎದುರಿಗೆ ಬೂದು ಬಣ್ಣದ ಉಕ್ಕಿನ ಬಾಗಿಲು. ಬಾಗಿಲಿನ ನಡುವೆ ತಟ್ಟೆಯಗಲದ ದಪ್ಪ ಗಾಜು. ಪಕ್ಕದ ಗೋಡೆಯಲ್ಲಿ ಒಂದು ಗುಂಡಿ, ಒಂದು ಪುಟ್ಟ ದೀಪ, ಅಂಕಿ ತೋರಿಸುವ ಒಂದು ಪರದೆ.

ಮೊನ್ನೆ ಈ ಬಾಗಿಲ ಆಚೆ ಕತ್ತರಿ ತಾತ ಸತ್ತು ಕೂತಿದ್ದರು.

ಬಿದ್ದಿರಲಿಲ್ಲ, ಕೂತಿದ್ದರು. ಸ್ಟೂಲಿನ ಮೇಲೆ, ಕಪಾಟಿಗೆ ತಲೆಯಾನಿಸಿ, ತೊಡೆಯ ಮೇಲೆ ಅರ್ಧ ಬಿಚ್ಚಿದ ಚಿತ್ರಸುರುಳಿ. ಹರಿದ ಹಳೆಯ ಸಿನಿಮಾ ಸುರುಳಿಗಳನ್ನು ಕತ್ತರಿಸಿ ಅಂಟಿಸುವುದು ಅವರ ಕೆಲಸ. ಅದಕ್ಕೇ ಆ ಹೆಸರು. ಮೈಮೇಲೆ ಗಾಯವಿಲ್ಲ, ಮುಖದಲ್ಲಿ ನೋವಿಲ್ಲ. ತುಟಿಯ ತುದಿಯಲ್ಲಿ ನಗು ಇನ್ನೂ ಒಣಗಿರಲಿಲ್ಲ.

"ನಗು ಕೇಳಿಸ್ತು ಅಂದೆಯಲ್ಲ?" ಅಕ್ಕ ಕೇಳಿದಳು.

"ಹೂಂ. ಬಟನ್ ಒತ್ತಿ ಸ್ವಲ್ಪ ಹೊತ್ತಿಗೆ. ಯಾರೋ ಕಿಸಕ್ಕನೆ ನಕ್ಕ ಹಾಗೆ. ಮೇಲೆ ಸಿನಿಮಾ ನೋಡೋ ಕೋಣೆಯಿಂದ ಬಂತು ಅಂದ್ಕೊಂಡೆ." ತಂಗಿ ಮುಖ ಮುಚ್ಚಿಕೊಂಡಳು. "ಒಳಗೆ ತಾತ ಸಾಯ್ತಿದ್ರು, ನಾನು ಯಾವ ಹಾಸ್ಯ ಸಿನಿಮಾ ಅಂತ ಯೋಚಿಸ್ತಾ ನಿಂತಿದ್ದೆ."

ಅಕ್ಕ ರೆಪ್ಪೆ ಬಡಿಯದೆ ಬಾಗಿಲನ್ನೇ ನೋಡುತ್ತಿದ್ದಳು. ಪೊಲೀಸ್ ಠಾಣೆಯಲ್ಲಿ ಅವಳನ್ನು ಹಿಂದಿನಿಂದ ಗೂಬೆ ಅನ್ನುವುದು ಅದಕ್ಕೇ. ಪತ್ತೇದಾರಿಕೆಗೆ ಬರುವ ಮೊದಲು ಅವಳು ಕಂಪ್ಯೂಟರ್ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುತ್ತಿದ್ದಳು. ಈಗ ಮನುಷ್ಯರಲ್ಲಿ ಹುಡುಕುತ್ತಾಳೆ. ಎರಡಕ್ಕೂ ಅದೇ ಕಣ್ಣು ಸಾಕು ಎನ್ನುತ್ತಾಳೆ.

ಆದರೆ ಇವತ್ತು ಆ ಕಣ್ಣಿನ ಹಿಂದೆ ಏನೋ ನಡುಗುತ್ತಿತ್ತು. ಬೆಳಿಗ್ಗೆ ಇನ್ಸ್‌ಪೆಕ್ಟರ್ ನೇರವಾಗಿಯೇ ಹೇಳಿದ್ದರು: "ಬಟನ್ ಒತ್ತಿದ್ದು ನಿಮ್ಮ ತಂಗಿ. ಒತ್ತಿದ್ದು ನಾನೇ ಅಂತ ಅವರೇ ಒಪ್ಕೊಂಡಿದ್ದಾರೆ. ಸಂಜೆಯೊಳಗೆ ಬೇರೆ ಹೆಸರು ಕೊಡಿ, ಇಲ್ಲಾಂದ್ರೆ ನಾನು ಅವರನ್ನ ಕರ್ಕೊಂಡು ಹೋಗಲೇಬೇಕಾಗುತ್ತೆ."

ಓಣಿಯ ಮೇಲ್ತುದಿಯ ಕಿಂಡಿಯಿಂದ ಬೀಳುತ್ತಿದ್ದ ಬಿಸಿಲು ಆಗಲೇ ಮೆಟ್ಟಿಲು ಹತ್ತಿ ಹೊರಟಿತ್ತು.

"ಮೊದಲಿಂದ ಹೇಳು. ಕೋಣೆ ಮುಚ್ಚೋ ಮುಂಚೆ ಏನು ಮಾಡ್ತೀರಿ?"

"ಹೊಸ್ತಿಲಲ್ಲಿ ಚಪ್ಪಲಿ ಇದೆಯಾ ನೋಡ್ತೀವಿ. ಧೂಳು ಅಂತ ಒಳಗೆ ಯಾರೂ ಚಪ್ಪಲಿ ಹಾಕ್ಕೊಂಡು ಹೋಗಲ್ಲ. ಚಪ್ಪಲಿ ಇದ್ರೆ ಒಳಗೆ ಜನ ಇದ್ದಾರೆ ಅಂತ. ಆಮೇಲೆ ಒಂದು ಸಲ ಕೂಗ್ತೀವಿ."

"ಕೂಗಿದೆಯಾ?"

"ಗಂಟಲು ಹರಿಯೋ ಹಾಗೆ. ತಾತನ ಕಿವಿ ಮಂದ, ನಿನಗೇ ಗೊತ್ತು. ಆದ್ರೆ ಚಪ್ಪಲಿ ಇರಲಿಲ್ಲ ಅಕ್ಕ. ದೇವರಾಣೆ ಇರಲಿಲ್ಲ."

ಚಪ್ಪಲಿ ಸಿಕ್ಕಿದ್ದು ಕೋಣೆಯ ಒಳಗೆ, ಕಪಾಟಿನ ಅಡಿಯಲ್ಲಿ. ಜೀವಮಾನವಿಡೀ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟ ಮನುಷ್ಯ ಅಂದೊಂದು ದಿನ ಅದನ್ನು ಒಳಗೊಯ್ದು ಬಚ್ಚಿಡುವನೆ? ಯಾರೋ ಕಾಲಿನಿಂದ ಒಳಕ್ಕೆ ತಳ್ಳಿದ್ದರು.

ಆದರೆ ಇನ್ಸ್‌ಪೆಕ್ಟರಿಗೆ ಚಪ್ಪಲಿ ಸಾಲದು. ನಿಜ ಹೇಳಬೇಕೆಂದರೆ ಅಕ್ಕನಿಗೂ ಅದು ಸಾಲದು. ಬಾಗಿಲು ಮುಚ್ಚಿ ಗುಂಡಿ ಒತ್ತಿದ ಮಾತ್ರಕ್ಕೆ ಒಳಗಿದ್ದವರು ಸಾಯಬಾರದು.

ಹಳೆಯ ಸುರುಳಿಗಳಿಗೆ ಬೆಂಕಿಯೆಂದರೆ ಪ್ರಾಣಸಂಕಟ. ಒಂದು ಕಿಡಿ ಬಿದ್ದರೆ ಇಡೀ ಭಂಡಾರ ಬೂದಿ. ಅದಕ್ಕೇ ಕೋಣೆ ಮುಚ್ಚಿದ ಮೇಲೆ ಒಳಗಿನ ಗಾಳಿಯಲ್ಲಿ ಪ್ರಾಣವಾಯುವನ್ನು ಕೊಂಚ ಕಡಿಮೆ ಮಾಡುತ್ತಾರೆ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಇರುವುದು ಒಳಗೆ ಹದಿನೇಳಕ್ಕೆ ಇಳಿಯುತ್ತದೆ. ಬೆಂಕಿ ಹಬ್ಬಲಾರದು, ಮನುಷ್ಯ ಸಾಯಲಾರ. ಬಹಳವೆಂದರೆ ತಲೆನೋವು ಬಂದೀತು.

"ಪದೇಪದೇ ಒತ್ತೋ ಅಭ್ಯಾಸ ಯಾರು ಕಲಿಸಿದ್ದು?"

"ಮೇಷ್ಟ್ರು. ಈ ಬಟನ್ನಿನ ಪ್ರೋಗ್ರಾಮ್ ಬರೆದವರು. ಈ ನೆಲಮಾಳಿಗೆ ತಂತಿಗಳೆಲ್ಲ ಹಳೇದು, ಒತ್ತಿದ್ದು ಒಂದೊಂದು ಸಲ ತಲುಪೋದೇ ಇಲ್ಲ. ದೀಪ ಹತ್ತೋ ತನಕ ಒತ್ತಿ, ಎಷ್ಟು ಸಲ ಒತ್ತಿದ್ರೂ ಒಂದೇ, ಏನೂ ಆಗಲ್ಲ ಅಂದಿದ್ರು."

"ಅದಕ್ಕೊಂದು ಪದ ಇದೆ. ಐಡೆಂಪೋಟೆಂಟ್."

"ಕೆಮ್ಮಿನ ಸಿರಪ್ ಹೆಸರಿದ್ದಂಗಿದೆ."

ಇಷ್ಟು ದುಃಖದಲ್ಲೂ ಅಕ್ಕನಿಗೆ ನಗು ಬಂತು. ಅವಳು ತಂಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಅಜ್ಜಿ ಹೇಳ್ತಿದ್ಲಲ್ಲ, ಕುರುಡು ಭೂತದ ಕಥೆ, ನೆನಪಿದೆಯಾ?"

"ಈಗ ಯಾಕೆ ಅದು?"

"ಹೇಳು."

ತಂಗಿ ಮೂಗು ಒರೆಸಿಕೊಂಡಳು. "ಕಾಡಲ್ಲೊಂದು ಭೂತ. ಕಣ್ಣಿಲ್ಲ, ಬುದ್ಧಿ ಇಲ್ಲ, ಹೇಳಿದ್ದು ಮಾಡೋದೊಂದೇ ಗೊತ್ತು. ಕಿವೀನೂ ಅಷ್ಟಕ್ಕಷ್ಟೆ. ಇಬ್ಬರು ಹುಡುಗೀರು ರಾತ್ರಿ ಕಾವಲಿಗೆ ಅದನ್ನ ಕರೀತಾರೆ. ದೊಡ್ಡವಳು 'ಹೊಸ್ತಿಲಲ್ಲಿ ನಿಲ್ಲು' ಅಂತಾಳೆ. ಕೇಳಿಸ್ತೋ ಇಲ್ವೋ ಅಂತ ನೂರು ಸಲ ಕೂಗ್ತಾಳೆ. ಭೂತ ನೂರು ಸಲಾನೂ ಹೊಸ್ತಿಲಲ್ಲೇ ನಿಂತಿರುತ್ತೆ."

"ಚಿಕ್ಕವಳು?"

"ಚಿಕ್ಕವಳು 'ಒಂದು ಹೆಜ್ಜೆ ಹತ್ತಿರ ಬಾ' ಅಂತಾಳೆ. ಸದ್ದೇ ಇಲ್ಲ. ಮತ್ತೆ ಕರೀತಾಳೆ. ಮತ್ತೆ. ಹೆದರಿಕೆ ಆದಷ್ಟೂ ಹೆಚ್ಚು ಕರೀತಾಳೆ." ತಂಗಿಯ ದನಿ ಇಳಿಯಿತು. "ಬೆಳಗಾಗೋ ಹೊತ್ತಿಗೆ ಅದು ಅವಳ ದಿಂಬಿನ ಹತ್ರ ಬಂದಿರುತ್ತೆ."

"ದೊಡ್ಡವಳ ಅಪ್ಪಣೆ ಐಡೆಂಪೋಟೆಂಟ್. ಒಂದು ಸಲ ಹೇಳಿದ್ರೂ ನೂರು ಸಲ ಹೇಳಿದ್ರೂ ಫಲ ಒಂದೇ. ಚಿಕ್ಕವಳದ್ದು ಅಲ್ಲ. ನಿನ್ನ ಬಟನ್ 'ಹದಿನೇಳರಲ್ಲಿ ನಿಲ್ಲಿಸು' ಅನ್ನಬೇಕು. ಮೇಷ್ಟ್ರು ಹಾಗೆ ಬರೆದಿದ್ರೆ ನೀನು ಸಂಜೆ ತನಕ ಒತ್ತಿದ್ರೂ ತಾತ ಸಾಯ್ತಿರಲಿಲ್ಲ."

"ಹಾಗೆ ಬರೆದಿಲ್ಲದಿದ್ರೆ?"

ಅಕ್ಕ ಎದ್ದು ಚೀಲದಿಂದ ಒಂದು ಗಿಡ್ಡ ಮೇಣದಬತ್ತಿ ತೆಗೆದಳು.

ತಂಗಿ ಹೌಹಾರಿದಳು. "ಅಕ್ಕ! ಇಲ್ಲಿ ಬೆಂಕಿಕಡ್ಡಿ ಅಂತ ಬಾಯಲ್ಲಿ ಅಂದ್ರೂ ಕೆಲಸ ಹೋಗುತ್ತೆ!"

"ಸುರುಳಿ ಎಲ್ಲ ಪೊಲೀಸರು ಆಚೆ ಕಟ್ಟಡಕ್ಕೆ ಸಾಗಿಸಿ ಆಯ್ತು. ಒಳಗೆ ಬರೀ ಕಬ್ಬಿಣದ ಕಪಾಟು. ಈ ಪರದೆ ಮೇಲಿನ ಅಂಕೀನ ನಾನು ನಂಬಲ್ಲ. ಅದೂ ಇದೇ ಪ್ರೋಗ್ರಾಮಿನ ಬಾಯಿ. ಬೆಂಕಿಗೆ ಸುಳ್ಳು ಹೇಳೋಕೆ ಬರಲ್ಲ."

ತಾತ ಕೂತಿದ್ದ ಸ್ಟೂಲಿನ ಮೇಲೇ ಬತ್ತಿ ಹೊತ್ತಿಸಿಟ್ಟು, ಹೊರಬಂದು ಬಾಗಿಲು ಮುಚ್ಚಿದಳು. ಇಬ್ಬರೂ ಗಾಜಿಗೆ ಹಣೆ ಹಚ್ಚಿ ನಿಂತರು.

"ಒತ್ತು. ಒಂದೇ ಸಲ."

ತಂಗಿಯ ಬೆರಳು ಗುಂಡಿಯ ಹತ್ತಿರ ಹೋಗಿ ಹಿಂದೆ ಬಂತು. ಮತ್ತೆ ಹೋಯಿತು. ಒತ್ತಿದಳು.

ಗೋಡೆಯ ಒಳಗೆಲ್ಲೋ ಗಾಳಿ ಸುಯ್ಯೆಂದಿತು. ದೀಪ ತಡೆದು ತಡೆದು ಹಸಿರಾಯಿತು. ಪರದೆಯ ಅಂಕಿ ಒಂದೊಂದಾಗಿ ಇಳಿದು ಹದಿನೇಳಕ್ಕೆ ನಿಂತಿತು. ಒಳಗೆ ಜ್ವಾಲೆ ಸಣ್ಣಗಾಯಿತು, ನೀಲಿಗಟ್ಟಿತು, ಆದರೆ ನಿಂತಿತು.

"ಇನ್ನೊಂದು ಸಲ."

"ಬೇಡ ಅಕ್ಕ."

"ಒತ್ತು."

ಮತ್ತೆ ಸುಯ್ಯೆಂಬ ಸದ್ದು. ಪರದೆಯಲ್ಲಿ ಅದೇ ಹದಿನೇಳು, ಕದಲಲಿಲ್ಲ. ಜ್ವಾಲೆ ಬತ್ತಿಯಿಂದ ಒಂದಿಷ್ಟು ಮೇಲೆದ್ದು, ಯಾರೋ ಎರಡು ಬೆರಳಲ್ಲಿ ಹಿಡಿದು ಎತ್ತಿಕೊಂಡ ಹಾಗೆ, ಆರಿಹೋಯಿತು. ಒಂದೆಳೆ ಹೊಗೆ ನೆಟ್ಟಗೆ ನಿಂತಿತು.

ಪರದೆ ಆಗಲೂ ಹದಿನೇಳು ಎನ್ನುತ್ತಲೇ ಇತ್ತು.

ಆ ತಂಪು ಓಣಿಯಲ್ಲಿ ಅಕ್ಕನ ಬೆನ್ನು ಬೆವರಿತು. ಅಪಾಯದ ಗಂಟೆ ಬಡಿಯುವುದು ಆ ಅಂಕಿಯನ್ನು ನೋಡಿ. ಅಂಕಿ ಕದಲದಿದ್ದರೆ ಗಂಟೆಗೂ ಬಾಯಿಲ್ಲ. ತಾತ ಒಳಗೆ ಸುರುಳಿ ಬಿಚ್ಚುತ್ತಾ ಕೂತಿದ್ದಾಗ, ಹೊರಗೆ ಈ ಹುಡುಗಿ ಒಂದೊಂದು ಸಲ ಒತ್ತಿದಾಗಲೂ, ಕಣ್ಣಿಲ್ಲದ ಏನೋ ಒಂದು ಅವರ ಕಡೆಗೆ ಹೆಜ್ಜೆ ಇಟ್ಟಿತ್ತು.

ತಂಗಿಗೂ ಅರ್ಥವಾಯಿತು. ಅವಳ ತುಟಿ ಬಿಳಚಿತು.

"ಹಾಗಾದ್ರೆ ನಾನೇ..."

"ಬೆರಳು ನಿನ್ನದು. ತಲೆ ಬೇರೆಯವರದು. ಪದೇಪದೇ ಒತ್ತೋ ನಿಮ್ಮ ಅಭ್ಯಾಸ ಗೊತ್ತಿದ್ದು, ಅದನ್ನೇ ಕತ್ತಿ ಮಾಡ್ಕೊಂಡಿದ್ದಾರೆ." ಅಕ್ಕ ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಉಸಿರಾಡು. ಹೂಂ. ಹಾಗೆ."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ಇಳಿದು ಬಂದವರು ಭಂಡಾರದ ಮೇಲ್ವಿಚಾರಕರು. ಅಂಗಿಯ ಮಡಿಕೆ ಒಮ್ಮೆಯೂ ಮುರಿದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಕೆಲಸದವರ ಬಾಯಲ್ಲಿ ಅವರು ಇಸ್ತ್ರಿ ಸಾಹೇಬರು. ಅವರ ಹಿಂದೆ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು, ಅಕ್ಕ ಹೇಳಿಕಳಿಸಿದ್ದ ಮೇಷ್ಟ್ರು.

"ನೋಡಮ್ಮ, ಇದು ನಿಮ್ಮ ಅಡುಗೆಮನೆ ಅಲ್ಲ," ಸಾಹೇಬರು ಗಾಜಿನೊಳಗಿನ ಬತ್ತಿಯನ್ನು ನೋಡಿ ಸಿಡುಕಿದರು. "ನನ್ನ ಭಂಡಾರದಲ್ಲಿ ಬೆಂಕಿ! ತಾತನಿಗೆ ವಯಸ್ಸಾಗಿತ್ತು, ಎದೆ ನಿಂತಿತು. ಅದನ್ನ ಕೊಲೆ ಅಂತ ಮಾಡಿ ನನ್ನ ಮರ್ಯಾದೆ ಯಾಕೆ ತೆಗೀತೀರಿ?"

"ಎದೆ ನಿಂತಿದ್ರೆ ಚಪ್ಪಲಿ ತಾನೇ ನಡ್ಕೊಂಡು ಒಳಗೆ ಹೋಯ್ತಾ ಸಾರ್?"

"ಚಪ್ಪಲಿ ವಿಚಾರ ನನಗೇನು ಗೊತ್ತು?"

"ಮೊನ್ನೆ ಈ ಬಾಗಿಲು ಮೊದಲು ತೆರೆದದ್ದು ನೀವು."

ಸಾಹೇಬರ ಕಣ್ಣು ಒಂದು ಗಳಿಗೆ ತಂಗಿಯ ಕಡೆ ಹೊರಳಿ ಹಿಂತಿರುಗಿತು. "ಇನ್ಸ್‌ಪೆಕ್ಟರಿಗೆ ಬೇಗ ಬರೋಕೆ ಹೇಳ್ತೀನಿ," ಎಂದವರೇ ಮೆಟ್ಟಿಲು ಹತ್ತಿ ಹೋದರು. ಹೋಗುವಾಗ ಕೈಚೌಕದಿಂದ ಕತ್ತು ಒರೆಸಿಕೊಂಡರು. ಆ ಮನುಷ್ಯ ಬೆವರುವುದನ್ನು ತಂಗಿ ಮೊದಲ ಸಲ ನೋಡಿದ್ದಳು.

ಮೇಷ್ಟ್ರು ಮಾತ್ರ ಅಲ್ಲೇ ನಿಂತಿದ್ದರು. ನೀಳ ಕತ್ತು, ದೊಗಲೆ ಅಂಗಿ, ಕಂಡಕಂಡವರಿಗೆ ಪಾಠ ಹೇಳುವ ಚಟ. ಅವರು ನೋಡುತ್ತಿದ್ದುದು ಆರಿದ ಬತ್ತಿಯನ್ನು.

"ಎರಡು ಸಲ ಒತ್ತಿದ್ರಾ?" ಅವರ ದನಿ ಒಣಗಿತ್ತು.

"ಹೌದು."

"ಸಾಧ್ಯವಿಲ್ಲ."

"ತೋರಿಸಿ ಹಾಗಾದ್ರೆ. ಪ್ರೋಗ್ರಾಮ್ ಎಲ್ಲಿದೆ?"

"ಒಳಗೆ. ಹಿಂದಿನ ಗೋಡೆಯ ಪೆಟ್ಟಿಗೇಲಿ." ಅವರು ಕತ್ತಿನ ದಾರದಲ್ಲಿ ನೇತಾಡುತ್ತಿದ್ದ ಕೀಲಿಯನ್ನು ಹಿಡಿದುಕೊಂಡರು. "ಅಲ್ಲಿಗೇ ಹೋಗಿ ಓದಬೇಕು."

ದೊಡ್ಡ ಫ್ಯಾನು ಹಾಕಿ ಕೋಣೆಗೆ ಹೊರಗಿನ ಗಾಳಿ ತುಂಬಿಸಿದರು. ಅಕ್ಕ ಬತ್ತಿ ಮತ್ತೆ ಹೊತ್ತಿಸಿ, ಅದು ಹಳದಿಯಾಗಿ ತುಂಬಿ ಉರಿಯುವುದನ್ನು ಕಂಡ ಮೇಲೆಯೇ ಒಳಗೆ ಕಾಲಿಟ್ಟಳು. ತೆರೆದ ಬಾಗಿಲಿಗೆ ಒಂದು ಮರದ ಕುರ್ಚಿ ಅಡ್ಡ ಇಟ್ಟಳು.

"ಇದನ್ನ ಸರಿಸೋಕೆ ಯಾರನ್ನೂ ಬಿಡಬೇಡ," ತಂಗಿಗೆ ಹೇಳಿದಳು. "ಬಟನ್ ಹತ್ರ ಯಾರೂ ಬರಕೂಡದು. ಯಾರೇ ಆಗಲಿ."

"ಬರಲ್ಲ ಅಕ್ಕ. ನೀನು ಬೇಗ ಬಾ."

ಎರಡು ಜೊತೆ ಚಪ್ಪಲಿ ಹೊಸ್ತಿಲಲ್ಲಿ ಉಳಿದವು.

ಕೋಣೆಯೊಳಗೆ ಇನ್ನೂ ಹಳೆಯ ಸುರುಳಿಗಳ ಹುಳಿ ವಾಸನೆ. ಬೋಳು ಕಪಾಟುಗಳು ಮಾಂಸ ಬಿಡಿಸಿದ ಮೀನಿನ ಮುಳ್ಳಿನ ಹಾಗೆ ಸಾಲಾಗಿ ನಿಂತಿದ್ದವು. ಮೇಷ್ಟ್ರು ಪೆಟ್ಟಿಗೆಯ ಬೀಗ ತೆಗೆದು, ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕ ಅವರ ಬೆನ್ನ ಹಿಂದೆ ನಿಂತಳು.

"ಕೀಲಿ ನಿಮ್ಮ ಕತ್ತಲ್ಲಿ. ಪಾಸ್‌ವರ್ಡ್?"

"ನನ್ನ ತಲೇಲಿ."

"ದೀಪ ಹತ್ತೋ ತನಕ ಒತ್ತಿ ಅಂತ ಕಲಿಸಿದ್ದೂ ನೀವೇ. ನಾನು ಇನ್ಸ್‌ಪೆಕ್ಟರ್ ಆಗಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಕೈಗೆ ಕೋಳ ಬೀಳ್ತಿತ್ತು ಮೇಷ್ಟ್ರೇ."

"ನಾನು ಯಾಕೆ ಹಾಗೆ ಕಲಿಸಿದೆ ಗೊತ್ತಾ ನಿಮಗೆ?" ಮೇಷ್ಟ್ರು ತಟ್ಟನೆ ತಿರುಗಿದರು. ಹೆದರಿಕೆಗಿಂತ ಹೆಚ್ಚಾಗಿ ಅವರ ಕಣ್ಣಲ್ಲಿ ಅವಮಾನ ಉರಿಯುತ್ತಿತ್ತು. "ಈ ತಂತಿಗಳಲ್ಲಿ ಮಾತು ಕಳೆದುಹೋಗುತ್ತೆ. ನೀವು ಒತ್ತಿದ್ದು ತಲುಪಲಿಲ್ಲವೋ, ತಲುಪಿ 'ಆಯ್ತು' ಅನ್ನೋ ಉತ್ತರ ದಾರೀಲಿ ಕಳೆದೋಯ್ತೋ, ಹೊರಗೆ ನಿಂತವರಿಗೆ ಗೊತ್ತಾಗೋದೇ ಇಲ್ಲ. ಎರಡಕ್ಕೂ ದೀಪ ಹತ್ತಲ್ಲ. ಆಗ ಮಾಡೋಕೆ ಇರೋದು ಒಂದೇ, ಮತ್ತೆ ಹೇಳೋದು. ಮತ್ತೆ ಹೇಳಿದ್ರೆ ಕೆಡುಕಾಗಬಾರದು. ಅದಕ್ಕೇ ಆ ಪದ. ಐಡೆಂಪೋಟೆಂಟ್ ಅನ್ನೋದು ಒಣ ಜಂಬದ ಪದ ಅಲ್ಲಮ್ಮ, ಅದು ಭರವಸೆ. ತಪ್ಪಿ ಎರಡು ಸಲ ಹೇಳಿದವರನ್ನ ಶಿಕ್ಷಿಸಲ್ಲ ಅನ್ನೋ ಭರವಸೆ."

"ಓದಿ."

ಅವರು ಪರದೆಯ ಮೇಲೆ ಬೆರಳಾಡಿಸುತ್ತಾ ಓದತೊಡಗಿದರು. ಬಾಗಿಲು ಮುಚ್ಚಿದೆಯೇ ನೋಡು. ಚಿಲಕ ಹಾಕು. ಗಾಳಿಯ ಕವಾಟ...

ಬೆರಳು ನಿಂತಿತು.

"ಏನು?"

"ಇದು ನಾನು ಬರೆದದ್ದಲ್ಲ." ಮಾತು ಪಿಸುಗುಟ್ಟಿದ ಹಾಗಿತ್ತು. "'ಹದಿನೇಳಕ್ಕೆ ಬಂದು ನಿಲ್ಲು' ಅಂತ ಬರೆದಿದ್ದೆ. ಇಲ್ಲಿ 'ಈಗ ಇರೋದ್ರಲ್ಲಿ ನಾಲ್ಕು ಪಾಲು ತೆಗೆ' ಅಂತಿದೆ. ಮೊದಲ ಸಲ ಒತ್ತಿದಾಗ ಎರಡೂ ಒಂದೇ. ಇಪ್ಪತ್ತೊಂದರಲ್ಲಿ ನಾಲ್ಕು ಹೋದ್ರೆ ಹದಿನೇಳು. ಯಾರಿಗೂ ಅನುಮಾನ ಬರಲ್ಲ. ಎರಡನೇ ಸಲಕ್ಕೆ..."

"ಮೂರನೇ ಸಲಕ್ಕೆ ತಾತ."

ಮೇಷ್ಟ್ರು ಆ ಸಾಲಿನ ಮೇಲಿಂದ ಬೆರಳು ತೆಗೆದರು.

"ಯಾರೋ ಅರ್ಥವಾಗದೆ ತಪ್ಪು ಬರೆದಿರಬಹುದಲ್ಲ?" ಅಕ್ಕ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ಅವರ ಬಾಯಿಂದ ಬರಬೇಕಿತ್ತು.

"ಇಲ್ಲ. ಇಲ್ಲಿ ನೋಡಿ. ಹೊರಗಿನ ಪರದೆಗೆ ಅಂಕಿ ಕಳಿಸೋ ಸಾಲು. ಅದನ್ನ ಮಾತ್ರ ಹಾಗೇ ಐಡೆಂಪೋಟೆಂಟ್ ಆಗಿಟ್ಟಿದ್ದಾರೆ. ಎಷ್ಟು ಸಲ ಒತ್ತಿದ್ರೂ ಹದಿನೇಳೇ ತೋರಿಸುತ್ತೆ. ಗಾಳಿ ಒಂದು ಹೇಳುತ್ತೆ, ಅಂಕಿ ಇನ್ನೊಂದು ಹೇಳುತ್ತೆ. ಈ ಪದದ ಅರ್ಥ ಚೆನ್ನಾಗಿ ಗೊತ್ತಿದ್ದವರು ಮಾತ್ರ ಇದನ್ನ ಎರಡು ಕಡೆ ಎರಡು ಥರ ಬಳಸೋಕೆ ಸಾಧ್ಯ. ಅಕ್ಷರಕ್ಷರ ನನ್ನ ಥರಾನೇ ಬರೆದಿದ್ದಾರೆ. ನನ್ನ ಹತ್ರ ಕಲಿತವರ ಹಾಗೆ."

"ಯಾರಿಗೆ ಕಲಿಸಿದ್ದೀರಿ?"

ಮೇಷ್ಟ್ರು ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದತೊಡಗಿದರು.

"ಇಸ್ತ್ರಿ ಸಾಹೇಬರಿಗಾ?"

"ಅವರಿಗೆ ಮೊಬೈಲಲ್ಲಿ ಅಲಾರಾಂ ಇಡೋಕೂ ನಾನೇ ಬೇಕು."

"ಮತ್ತೆ ಯಾರಿಗೆ ಮೇಷ್ಟ್ರೇ?"

ಅವರು ತಲೆ ಎತ್ತಿ, ಅಕ್ಕನ ಹೆಗಲ ಆಚೆ, ತೆರೆದ ಬಾಗಿಲ ಕಡೆ ನೋಡಿದರು. ಆ ನೋಟದಲ್ಲಿ ಆಪಾದನೆ ಇರಲಿಲ್ಲ, ಹೇಳಿಬಿಟ್ಟರೆ ನಿಜವಾಗಿಬಿಡುತ್ತದೆಯೋ ಎಂಬ ಅಂಜಿಕೆ ಇತ್ತು.

"ಅವಳಿಗೆ," ಎಂದರು. "ನಿಮ್ಮ ತಂಗಿಗೆ."

ಬತ್ತಿ ಚಿಟಪಟ ಎಂದಿತು.

"ಹೋದ ವರ್ಷದಿಂದ ಊಟದ ಬಿಡುವಲ್ಲಿ ಪಾಠಕ್ಕೆ ಬರ್ತಿದ್ಲು. ಪ್ರೋಗ್ರಾಮ್ ಕಲೀಬೇಕು, ಈ ನೆಲಮಾಳಿಗೆ ಬಿಟ್ಟು ಬೆಳಕು ಬರೋ ಕೋಣೇಲಿ ಕೂತು ಕೆಲಸ ಮಾಡ್ಬೇಕು ಅಂತ. ಜಾಣೆ. ಒಂದು ಸಲ ಹೇಳಿದ್ರೆ ಸಾಕು."

"ಸುಳ್ಳು. ಅವಳಿಗೆ ಆ ಪದಾನೇ ಗೊತ್ತಿರಲಿಲ್ಲ. ಈಗ ನಾನು ಹೇಳಿಕೊಟ್ಟೆ."

"ಗೊತ್ತಿರಲಿಲ್ಲ ಅಂದ್ಲಾ?" ಮೇಷ್ಟ್ರು ನಿಜವಾಗಿಯೂ ಬೆಚ್ಚಿದರು. "ಅವಳು ನನ್ನ ಹತ್ರ ಕಲಿತ ಮೊದಲ ದೊಡ್ಡ ಪದಾನೇ ಅದು. ಇದೇ ಬಟನ್ ತೋರಿಸಿ ವಿವರಿಸಿದ್ದೆ. ಒಂದಿನ ಅವಳೇ ಕೇಳಿದ್ಲು, 'ಮೇಷ್ಟ್ರೇ, ಇದು ಹಾಗಿಲ್ಲದೆ ಇದ್ದಿದ್ರೆ ಏನಾಗ್ತಿತ್ತು?' ಅಂತ."

ಅಕ್ಕನ ಕಿವಿಯಲ್ಲಿ ರಕ್ತ ಗುಂಯ್ ಎಂದಿತು. ಕೆಮ್ಮಿನ ಸಿರಪ್ ಅಂದಿದ್ದಳಲ್ಲ, ಅಷ್ಟು ಸಲೀಸಾಗಿ. ಚಿಕ್ಕಂದಿನಿಂದ ಒಂದೇ ಹೊದಿಕೆಯಲ್ಲಿ ಮಲಗಿದ ಹುಡುಗಿ. ಭೂತದ ಕಥೆಯ ಅರ್ಧಕ್ಕೇ ಹೆದರಿ ತನ್ನ ಬೆರಳು ಹಿಡಿದುಕೊಳ್ಳುತ್ತಿದ್ದವಳು. ಅವಳ ಬಾಯಲ್ಲಿ ಸುಳ್ಳು ಹೇಗಿರುತ್ತದೆಂದು ತನಗೆ ಗೊತ್ತು ಎಂದೇ ಅಕ್ಕ ನಂಬಿದ್ದಳು.

"ಇನ್ನೊಂದು ಮಾತು," ಎನ್ನುತ್ತಾ ಮೇಷ್ಟ್ರು ಕತ್ತಿನ ಕೀಲಿ ಮುಟ್ಟಿಕೊಂಡರು. "ಪಾಠದ ಹೊತ್ತಲ್ಲಿ ಇದನ್ನ ಮೇಜಿನ ಮೇಲೆ—"

ಅವರ ಮಾತನ್ನು ಒಂದು ಭಾರವಾದ ಸದ್ದು ನುಂಗಿತು.

ಬಾಗಿಲು ಮುಚ್ಚಿಕೊಂಡಿತ್ತು.

ಚಿಲಕ ಒಳಗಿಂದೊಳಗೇ ಕಟಕಟ ಎಂದು ಸರಿದು ಕೂತಿತು. ಆಮೇಲೆ, ಗೋಡೆಯೊಳಗಿಂದ, ಸುಯ್ಯೆನ್ನುವ ಸದ್ದು.

ಅಕ್ಕ ಓಡಿದಳು. ಒಳಗಿನಿಂದ ತೆರೆಯುವ ಹಿಡಿಯನ್ನು ಎರಡೂ ಕೈಯಿಂದ ಎಳೆದಳು. ಅದು ಬುಗುರಿಯ ಹಾಗೆ ಸುಮ್ಮನೆ ತಿರುಗಿತು, ಎಲ್ಲಿಯೂ ಕಚ್ಚಲಿಲ್ಲ. ಹಿಡಿಯ ಸುತ್ತ ಬಣ್ಣ ಕೆರೆದುಹೋಗಿತ್ತು. ಉಗುರಿನ ಗುರುತೇ ಅದು? ತಾತ ಸ್ಟೂಲಿಗೆ ಹಿಂತಿರುಗಿ ಕೂರುವ ಮೊದಲು ಇಲ್ಲಿಯವರೆಗೆ ಬಂದಿದ್ದರೇ?

"ನಿಲ್ಲಿಸಿ! ಪೆಟ್ಟಿಗೆ ಕಿತ್ತುಹಾಕಿ!"

"ಕಿತ್ತರೆ ಚಿಲಕ ಬಿಚ್ಚೋದೇ ಇಲ್ಲ!" ಮೇಷ್ಟ್ರು ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಕೀಲಿಮಣೆ ಕುಟ್ಟುತ್ತಿದ್ದರು. "ಒಂದು ಸಲಕ್ಕೆ ಏನಾಗಲ್ಲ. ಹದಿನೇಳು. ಒಂದೇ ಸಲ ಒತ್ತಿದ್ರೆ ನಮಗೆ ಬೇಕಾದಷ್ಟು ಹೊತ್ತು—"

ಸುಯ್ಯೆನ್ನುವ ಸದ್ದು ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದರು.

ಮತ್ತೆ ಶುರುವಾಯಿತು.

ಬತ್ತಿಯ ಜ್ವಾಲೆ ನೀಲಿಯಾಯಿತು. ತೆಳ್ಳಗಾಯಿತು. ಬತ್ತಿಯನ್ನು ಬಿಟ್ಟು ಮೇಲೆದ್ದಿತು. ಇಲ್ಲವಾಯಿತು.

"ಇನ್ನೊಂದು ಬಟನ್ ಎಲ್ಲಿದೆ? ಸಾಹೇಬರ ಕೋಣೇಲಾ?"

"ಎಲ್ಲೂ ಇಲ್ಲ. ಇದೊಂದೇ. ನಾನೇ ಜೋಡಿಸಿದ್ದು. ಬಾಗಿಲ ಪಕ್ಕದ್ದೊಂದೇ." ಮೇಷ್ಟ್ರ ಬೆರಳುಗಳು ಒಂದರ ಮೇಲೊಂದು ಬಿದ್ದವು. ತಪ್ಪು ಅಕ್ಷರ, ಅಳಿಸಿದರು, ಮತ್ತೆ ತಪ್ಪು. "ಹೊರಗೆ ನಿಂತವರು ಒತ್ತಲೇಬೇಕು. ಒತ್ತದೆ ಇದು... ಒತ್ತದೆ..."

ಮಾತು ಮರೆತವರಂತೆ ಅವರು ಪರದೆಯನ್ನು ನೋಡಿದರು. ಆಮೇಲೆ ಕಿಸಕ್ಕನೆ ನಕ್ಕರು.

ಅಕ್ಕನ ಮೈಯ ಕೂದಲೆಲ್ಲ ನಿಮಿರಿತು.

"ನಗಬೇಡಿ ಮೇಷ್ಟ್ರೇ. ನನ್ನ ಕಡೆ ನೋಡಿ. ನಗಬೇಡಿ!"

"ಇಲ್ಲ, ಇಲ್ಲ, ನೋಡಿ, ಎಷ್ಟು ಚಂದ ಬರೆದಿದ್ದಾರೆ ಇದನ್ನ," ಎನ್ನುತ್ತಾ ಅವರು ತೊಡೆ ತಟ್ಟಿಕೊಂಡರು. ತಮ್ಮ ಶಿಷ್ಯರ ಜಾಣತನಕ್ಕೆ ಹಿಗ್ಗಿದ ಗುರುವಿನ ನಗೆ. ಕಣ್ಣಂಚಿನಲ್ಲಿ ನೀರು. ತುಟಿಗಳು ನೇರಳೆಗಟ್ಟುತ್ತಿದ್ದವು.

ಈ ಸಾವು ಕತ್ತು ಹಿಸುಕುವುದಿಲ್ಲ. ಎದೆಯ ಮೇಲೆ ಕೂರುವುದಿಲ್ಲ. ಅದು ಕಚಗುಳಿ ಇಡುತ್ತದೆ. ಅಕ್ಕನ ಮೊಣಕಾಲುಗಳು ಹಗುರಾದವು. ಭುಜದ ಮೇಲಿಂದ ಯಾರೋ ಹೊರೆ ಇಳಿಸಿಕೊಂಡಂತಾಯಿತು. ಇನ್ಸ್‌ಪೆಕ್ಟರ್, ಸಂಜೆ, ಚಪ್ಪಲಿ, ಎಲ್ಲ ಎಷ್ಟು ಸಣ್ಣ ವಿಷಯ. ಅಜ್ಜಿಯ ತೊಡೆಯ ಬೆಚ್ಚನೆ ವಾಸನೆ ಬಂತು. ಅವಳಿಗೆ ಸಂತೋಷವಾಗತೊಡಗಿತು. ಅವಳಲ್ಲಿ ಉಳಿದಿದ್ದ ಒಂದು ಚೂರು ಎಚ್ಚರ ಆ ಸಂತೋಷವನ್ನು ಕಂಡು ಕಿರುಚಿತು.

ಗಾಜು. ಗಾಜಿನ ಹತ್ತಿರ ಹೋಗಬೇಕು.

ಹೋದರೆ ಏನು ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಓಣಿಯಲ್ಲಿ ಇದ್ದವಳು ಒಬ್ಬಳೇ. ಗುಂಡಿಯ ಹತ್ತಿರ ನಿಲ್ಲಿಸಿ ಬಂದದ್ದು ತಾನೇ. ಗುಂಡಿಯ ಮೇಲಿರುವ ಆ ಬೆರಳನ್ನು ನೋಡಬಾರದು. ನೋಡದೆ ಇಲ್ಲೇ ಕೂತುಬಿಟ್ಟರೆ, ಕತ್ತರಿ ತಾತನ ಹಾಗೆ ನಗುತ್ತಾ ಕೂತುಬಿಟ್ಟರೆ, ತಂಗಿ ಕೊನೆಯವರೆಗೂ ತಂಗಿಯಾಗಿಯೇ ಉಳಿಯುತ್ತಾಳೆ.

ಅಕ್ಕ ಬಾಗಿಲನ್ನು ತಬ್ಬಿಕೊಂಡು ತನ್ನನ್ನು ತಾನೇ ಮೇಲಕ್ಕೆಳೆದುಕೊಂಡಳು. ಹಣೆ ಗಾಜಿಗೆ ತಾಗಿತು.

ಓಣಿಯಲ್ಲಿ, ಅಡ್ಡ ಇಟ್ಟಿದ್ದ ಕುರ್ಚಿ ಮಗುಚಿ ಬಿದ್ದಿತ್ತು. ಬೇರೆ ಯಾರೂ ಇರಲಿಲ್ಲ. ಗಾಜಿಗೆ ಅಂಟಿಕೊಂಡಂತೆ ತಂಗಿಯ ಮುಖ, ಬಾಯಿ ದೊಡ್ಡದಾಗಿ ತೆರೆದು ಏನನ್ನೋ ಕೂಗುತ್ತಿತ್ತು. ಗುಂಯ್‌ಗುಡುತ್ತಿದ್ದ ಅಕ್ಕನ ಕಿವಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಮುಖದ ಎರಡೂ ಪಕ್ಕದಲ್ಲಿ, ಗಾಜಿಗೆ ಒತ್ತಿ ಬಿಳಿಚಿಕೊಂಡ ಎರಡು ಅಂಗೈ. ಹತ್ತೂ ಬೆರಳು ಅಗಲಿಸಿ, ನೋಡು ಅಕ್ಕ, ನೋಡು ಎನ್ನುವಂತೆ.

ಗುಂಡಿಯ ಮೇಲೆ ಯಾರ ಕೈಯೂ ಇರಲಿಲ್ಲ. ಮೇಷ್ಟ್ರು ನಕ್ಕಿದ್ದು ಇದಕ್ಕೇ: ಯಾರೂ ಒತ್ತದೆಯೇ ಪ್ರೋಗ್ರಾಮು ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುತ್ತಿತ್ತು.

ತಂಗಿಯ ಕೆನ್ನೆಯ ಮೇಲೆ, ಗೋಡೆಯ ದೀಪದ ಹಸಿರು ಬೆಳಕು ಆರಿ ಮತ್ತೆ ಹತ್ತಿತು.